ಭಾನುವಾರದ ಎಡಗಾಲು

"ಇಲ್ನೋಡಿ ಮುದ್ದಮ್ಮೋರೆ, ಇದು ಭಾನುವಾರದ್ದು. ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಶುರುವಾದ್ರೆ ಮಧ್ಯಾಹ್ನ ಎರಡರ ತನಕ ನಿಂತೇ ಇಲ್ಲ. ಅದೂ ಎಡಗಾಲು ಒಂದೇ. ಸಾವಿರದ ನಾನೂರು ಸಲ!"

ನಯನ ಮೇಡಂ ಟ್ಯಾಬಿನ ಗಾಜನ್ನು ಬೆರಳಲ್ಲಿ ಸವರಿದರು. ಅದರೊಳಗೆ ಹಸಿರು ಗೆರೆಗಳು ಒಟ್ಲು ಪಾತಿಯ ಭತ್ತದ ಪೈರಿನ ಹಾಗೆ ಒತ್ತೊತ್ತಾಗಿ ನಿಂತಿದ್ದವು. ಮುದ್ದಮ್ಮನಿಗೆ ಅಂಕಿ ಗೊತ್ತಿತ್ತು, ಗೆರೆ ಓದುವುದು ಗೊತ್ತಿರಲಿಲ್ಲ. ಆದರೆ ಭಾನುವಾರ, ಒಂಬತ್ತೂ ಹತ್ತು, ಎಡಗಾಲು ಎಂಬ ಮೂರು ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಕಣ್ಣು ಮಗಳ ಕಾಲಿನ ಕಡೆ ಹೋಯಿತು. ಮಂಡ್ಯದ ಗುತ್ತಲಿನ ಆ ಶಾಲೆಯ ಜಗಲಿಯಲ್ಲಿ ಬುದ್ಧಿ ನಿಧಾನವಾದ ಮೂವತ್ತು ಮಕ್ಕಳು ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಹೊರಡುವ ಗದ್ದಲ. ಆ ಗದ್ದಲದ ಮಧ್ಯೆ ಮಗಳು ಚೈತನ್ಯಾ ತಾಯಿಯ ಸೆರಗು ಹಿಡಿದು ನಿಂತಿದ್ದಳು. ಎಡಗಾಲಿನ ಕಣಕಾಲಿಗೆ ಕಪ್ಪು ಪಟ್ಟಿ, ಪಟ್ಟಿಯಲ್ಲಿ ಸಾಸಿವೆಯಷ್ಟು ಹಸಿರು ದೀಪ.

"ಈ ಪಟ್ಟಿ ಮನೇಲೂ ಲೆಕ್ಕ ಆಕ್ತದಾ ಮೇಡಮ್ಮೋರೆ?"

"ಹಗಲೂ ರಾತ್ರಿ ಹಾಕುತ್ತೆ. ಅದಕ್ಕೇ ಅಲ್ವಾ ಸ್ನಾನಕ್ಕೆ ಬಿಟ್ರೆ ಬಿಚ್ಚಬೇಡಿ ಅಂದಿದ್ದು?"

ಅಯ್ಯೋ ನನ್ನ ಬುದ್ಧಿಗಷ್ಟು ಬೆಂಕಿ ಹಾಕ, ಅಂದುಕೊಂಡಳು ಮುದ್ದಮ್ಮ. ಪಟ್ಟಿ ಇರುವುದು ಶಾಲೆಯಲ್ಲಿ ಆಡಿಸುವ ದೀಪದ ಚೆಂಡಿನ ಸಲುವಾಗಿ, ಚೆಂಡು ಶಾಲೆಯಲ್ಲಿದ್ದ ಮೇಲೆ ಮನೆಯಲ್ಲಿ ಅದಕ್ಕೇನು ಕೆಲಸ ಎಂದು ಅವಳು ತಿಳಿದಿದ್ದಳು. ಅದು ಮೂಲೆಯಲ್ಲಿ ಕೂತ ಸೋದರತ್ತೆಯ ಹಾಗೆ ಎಲ್ಲವನ್ನೂ ನೋಡಿಕೊಂಡು ಹೋಗಿ ಶಾಲೆಯಲ್ಲಿ ಹೇಳುತ್ತದೆ ಎಂದು ಯಾರಿಗೆ ಗೊತ್ತಿತ್ತು!

"ಮನೇಲಿ ಏನು ಮಾಡಿಸ್ತೀರಿ? ಹೇಳಿ, ನಾಚ್ಕೋಬೇಡಿ. ಪಟ್ಟಿ ಕಟ್ಟಿರೋ ಹನ್ನೆರಡು ಮಕ್ಕಳಲ್ಲಿ ಯಾರದ್ದೂ ಹೀಗಿಲ್ಲ."

"ಕಾಲ್ಗೆ ಬಟ್ಟೆ ಕಟ್ಟಿ ಎಳುಸ್ತೀನಿ," ಬಾಯಿ ಜಾರಿಬಿಟ್ಟಿತು.

"ಬಟ್ಟೆ ಇನ್ನೊಂದು ತುದಿ?"

"ಕಂಬುಕ್ಕೆ."

ಎರಡೂ ನಿಜ. ಒಂದು ಅಕ್ಷರ ಸುಳ್ಳಿರಲಿಲ್ಲ. ನಯನ ಮೇಡಂ ಮುಖ ಅರಳಿಹೋಯಿತು. "ಫಿಸಿಯೋಥೆರಪಿಯವರು ಇದನ್ನೇ ರಬ್ಬರ್ ಪಟ್ಟಿ ಹಾಕಿ ಮಾಡಿಸ್ತಾರೆ ಕಣ್ರೀ. ನಿಮಗೆ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ನಾನೇಯ," ಎಂದಳು ಮುದ್ದಮ್ಮ. ಮಗಳ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟವಳಿಗೆ ದಾರಿಯಲ್ಲಿ ಸಿಕ್ಕವರ ಗುರುತೂ ಹತ್ತಲಿಲ್ಲ.

ಕೊತ್ತತ್ತಿಯಲ್ಲಿ ಮುದ್ದಮ್ಮನ ಮನೆಯಿಂದ ನಾಲೆಗೆ ಇಪ್ಪತ್ತು ಹೆಜ್ಜೆ. ಚೈತುವಿಗೆ ಈಗ ಹನ್ನೊಂದು ವರ್ಷ. ಹುಟ್ಟಿದಾಗ ಅತ್ತಿರಲಿಲ್ಲ, ಮೂರಾದರೂ ನಿಂತಿರಲಿಲ್ಲ, ನಡೆಯಲು ಬಂದದ್ದೇ ಬಂದದ್ದು ನೀರಿನ ಕಡೆಗೆ ನಡೆದಳು. ನೀರು ಕಂಡರೆ ಯಾರೋ ಹೆಸರು ಹಿಡಿದು ಕೂಗಿದ ಹಾಗೆ ಹೊರಟುಬಿಡುತ್ತಿದ್ದಳು. ಐದನೇ ವಯಸ್ಸಿನಲ್ಲಿ ಎತ್ತು ತೊಳೆಯುತ್ತಿದ್ದ ಮಾದಯ್ಯ ತೇಲಿಹೋಗುವವಳ ಜುಟ್ಟು ಹಿಡಿದು ಎಳೆದುಹಾಕಿದ್ದ. ಆರನೆಯದರಲ್ಲಿ ಇನ್ನೊಂದು ಸಲ ತೂಬಿನ ತನಕ ಹೋಗಿಬಿಟ್ಟಿದ್ದಳು. ಹೊಟ್ಟೆ ಅಮುಕಿ ಅಮುಕಿ ನೀರು ತೆಗೆದರು. ಕಣ್ಣು ಬಿಟ್ಟವಳೇ ನಕ್ಕಳು. ಆವತ್ತು ಸಾಯಂಕಾಲವೇ ಮುದ್ದಮ್ಮ ತನ್ನ ಹಳೆಯ ನೂಲಿನ ಸೀರೆ ತೆಗೆದು ಉದ್ದುದ್ದಕ್ಕೆ ಹರಿದಳು. ಹಗ್ಗವಾದರೆ ಕಾಲು ಕೊರೆಯುತ್ತದಲ್ಲ, ಅದಕ್ಕೇ ಸೀರೆ.

ವಾರದ ಆರು ದಿನ ಶಾಲೆ ಇತ್ತು. ಭಾನುವಾರಕ್ಕೆ ಯಾರಿದ್ದರು? ಗಂಡ ಶಿವು ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವವನು. ಕುದಿಯುವ ಕಬ್ಬಿನ ಹಾಲಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಅತ್ತೆ ತೀರಿಕೊಂಡಿದ್ದರು. ಇನ್ನು ಮುದ್ದಮ್ಮ ಮನೆಯಲ್ಲಿ ಕೂರೋಣವೆಂದರೆ ಮುಯ್ಯಾಳಿನ ಕಟ್ಟಳೆ. ಇವರ ಇಪ್ಪತ್ತು ಗುಂಟೆಗೆ ನಾಟಿ ಹಾಕಲು ಎಂಟು ಹೆಂಗಸರು ಬಂದರೆ, ಆ ಎಂಟೂ ಗದ್ದೆಗೆ ಇವಳು ಹೋಗಬೇಕು. ಆಳಿಗೆ ಆಳೇ ಆಗಬೇಕು, ಬೇರೇನೂ ನಡೆಯದು. ಆ ಎಂಟು ಜನರಲ್ಲಿ ಐವರು ಮದ್ದೂರಿನ ಗಾರ್ಮೆಂಟ್ಸಿಗೆ ಹೋಗುವವರು, ಅವರಿಗೆ ಬಿಡುವಿರುವುದು ಭಾನುವಾರ ಮಾತ್ರ. ಹಾಗಾಗಿ ಆ ಗುಂಪಿನ ನಾಟಿ, ಕಳೆ, ಕುಯ್ಲು ಎಲ್ಲವೂ ಭಾನುವಾರವೇ. ಒಂದು ಭಾನುವಾರ ತಪ್ಪಿಸಿಕೊಂಡದ್ದಕ್ಕೆ ಗುಂಪಿನ ಯಜಮಾನಿ ಪಟ್ಟಲಮ್ಮ ಬೀದಿಯಲ್ಲೇ ನಿಲ್ಲಿಸಿ, "ನಿನ್ ಮಗೀನ ನೆಪ ಮಾಡ್ಕೊಂಡು ನಮ್ ಸೊಂಟ ಮುರೀಬೇಡ ಕಣಮ್ಮಿ, ಆಗಾಕಿಲ್ಲ ಅಂದ್ರೆ ಗುಂಪ್ ಬುಟ್ಬುಡು," ಎಂದು ಬಿಸಿ ಮುಟ್ಟಿಸಿದ್ದಳು.

ಹೀಗೆ ಐದು ವರ್ಷದಿಂದ, ಕೆಲಸವಿದ್ದ ಭಾನುವಾರಗಳಂದು, ಬೆಳಿಗ್ಗೆ ಒಂಬತ್ತಕ್ಕೆ ಮುದ್ದಮ್ಮ ಮಗಳ ಎಡಗಾಲಿಗೆ ಸೀರೆಯ ತುಂಡು ಸುತ್ತಿ ಪಡಸಾಲೆಯ ಕಂಬಕ್ಕೆ ಕಟ್ಟುತ್ತಿದ್ದಳು. ಕೈಗೆಟುಕುವಂತೆ ಒಂದು ತಟ್ಟೆ ಕಡ್ಲೆಪುರಿ, ಒಂದು ಚೊಂಬು ನೀರು. ಬಾಗಿಲಿಗೆ ಬೀಗ. ಎರಡು ಗಂಟೆ ದಾಟುತ್ತಲೇ ಕೆಸರುಗಾಲಲ್ಲೇ ಓಡಿಬಂದು ನೋಡಿದರೆ ಚೈತು ಕಂಬದ ಬುಡದಲ್ಲಿ ಮುದುರಿಕೊಂಡು ನಿದ್ದೆ ಮಾಡುತ್ತಿರುತ್ತಿದ್ದಳು. ಅದೊಂದು ನೋಟವೇ ಮುದ್ದಮ್ಮನನ್ನು ಐದು ವರ್ಷ ಬದುಕಿಸಿದ್ದು. ನಾನು ಆ ಕಡೆ ಹೋದದ್ದೇ ನನ್ನ ಕೂಸು ಮಲಗಿಬಿಡುತ್ತದೆ, ಅದಕ್ಕೇನೂ ತಿಳಿಯುವುದಿಲ್ಲ, ಬಿಸಿಲಲ್ಲಿ ಬೇಯುವುದಕ್ಕಿಂತ ನೆರಳಲ್ಲಿ ತಣ್ಣಗಿರುತ್ತದೆ, ಎಂದು ಗದ್ದೆಯಲ್ಲಿ ಬಗ್ಗಿದಾಗೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಈಗ ಟ್ಯಾಬು ಬೇರೆಯದನ್ನೇ ಹೇಳಿತ್ತು. ಒಂಬತ್ತೂ ಹತ್ತರಿಂದ ಎರಡರ ತನಕ. ಅಂದರೆ ಇವಳು ಓಣಿ ದಾಟುವ ಹೊತ್ತಿಗೆ ಶುರುಮಾಡಿ, ಇವಳು ಬೀಗ ತೆಗೆಯುವ ಐದು ನಿಮಿಷ ಮುಂಚೆಯ ತನಕ ಆ ಕೂಸು ಕಾಲು ಎಳೆಯುತ್ತಲೇ ಇತ್ತು. ಸಾವಿರದ ನಾನೂರು ಸಲ. ಬಸ್ಸಿನಲ್ಲಿ ಮಗಳ ತಲೆ ತೋಳಿಗೆ ಒರಗಿದ್ದಾಗ ಮುದ್ದಮ್ಮ ಕಿಟಕಿ ಕಡೆ ತಿರುಗಿಕೊಂಡು ಅತ್ತಳು.

ಆ ಚೆಂಡು ಬಂದಿದ್ದು ಜೂನ್ ತಿಂಗಳಲ್ಲಿ. ಬೆಂಗಳೂರಿನ ಯಾವುದೋ ಕಂಪನಿಯವರು ಇಂಥ ಮಕ್ಕಳಿಗೆಂದೇ ಮಾಡಿದ ಆಟದ ಸಾಮಾನು. ಒಳಗೆ ದೀಪವಿರುವ ಚೆಂಡು, ಕಾಲಿಟ್ಟ ಕಡೆ ಬಣ್ಣ ಹತ್ತುವ ಚಾಪೆ, ಕಾಲಿಗೆ ಪಟ್ಟಿ. ಸರಿಯಾಗಿ ಒದ್ದರೆ ಚೆಂಡು ಹಸಿರಾಗಿ 'ಟಿಣ್' ಎನ್ನುತ್ತಿತ್ತು, ಹೇಗೆ ಒದ್ದರು, ಎಷ್ಟು ಜೋರು ಎಂಬುದೆಲ್ಲ ಟ್ಯಾಬಿಗೆ ಹೋಗುತ್ತಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲೂಕಿನಿಂದ ಹನ್ನೆರಡು ಮಕ್ಕಳನ್ನು ಆರಿಸಿ ಪಟ್ಟಿ ಕಟ್ಟಿದ್ದರು. ಕಟ್ಟುವಾಗ ನಯನ ಮೇಡಂ ಚೈತುವಿನ ಕಣಕಾಲು ನೋಡಿ, "ಇದೇನು ಕಪ್ಪು ಗುರುತು?" ಎಂದಿದ್ದರು. "ಗೆಜ್ಜೆ ಕಟ್ತಿದ್ದೋ," ಎಂದಿದ್ದಳು ಮುದ್ದಮ್ಮ. ಪಟ್ಟಿ ಸರಿಯಾಗಿ ಆ ಗುರುತಿನ ಮೇಲೇ ಕೂತು ಅದನ್ನು ಮುಚ್ಚಿತ್ತು.

ಒಂದು ನಿಮಿಷ ಯಾವುದರ ಮೇಲೂ ಕಣ್ಣು ನಿಲ್ಲಿಸದ ಚೈತು ಆ ಚೆಂಡನ್ನು ಕಂಡು ಕರಗಿಹೋದಳು. ಎರಡು ವಾರ ಬರೀ ಅಪ್ಪಿಕೊಂಡು ಕೂತಳು. ಮೂರನೇ ವಾರ ಒಂದು ದಿನ ಕೆಳಗಿಟ್ಟು, ಎಡಗಾಲೆತ್ತಿ ಒದ್ದಳು ನೋಡಿ, ಚೆಂಡು ಹೋಗಿ ಕಾಂಪೌಂಡಿಗೆ ಬಡಿದು ವಾಪಸು ಬಂತು. ಕಂಪನಿಯ ಹುಡುಗ ಸ್ವರೂಪ್, ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು, ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದ. ಈ ಸೊರಗಿದ ಮಗುವಿನ ಎಡಗಾಲಿಗೆ ಇಷ್ಟು ಕಸುವು ಎಲ್ಲಿಂದ ಬಂತು ಎಂದು ಅವನಿಗೆ ಸೋಜಿಗ. ಮುದ್ದಮ್ಮನಿಗೂ ಆವತ್ತು ಸೋಜಿಗವೇ ಆಗಿತ್ತು. ಈಗ ಸೋಜಿಗ ಉಳಿದಿರಲಿಲ್ಲ. ಐದು ವರ್ಷ ಕಂಬ ಎಳೆದ ಕಾಲು ಅದು.

ಸೆಪ್ಟೆಂಬರ್ ಕೊನೆಗೆ ಮದ್ದೂರಿನಲ್ಲಿ ಸಭೆ, ಆವತ್ತಿನ ತನಕ ಮುಂದಿದ್ದವರಿಗೆ ಆಟದ ಸಾಮಾನು ಪೂರಾ ಮನೆಗೆ, ಬೆಂಗಳೂರಿನಲ್ಲಿ ತರಬೇತಿ ಬೇರೆ ಎಂದು ಹೇಳಿದ್ದರು. ಮುದ್ದಮ್ಮನಿಗೆ ಬೆಂಗಳೂರು ಬೇಕಿರಲಿಲ್ಲ. ಚೆಂಡು 'ಟಿಣ್' ಎಂದಾಗ ಮಗಳು ಚಪ್ಪಾಳೆ ತಟ್ಟಿ ತಾಯಿಯ ಮುಖ ಹುಡುಕುತ್ತಿದ್ದಳಲ್ಲ, ಅಷ್ಟು ಸಾಕಿತ್ತು. ಹೆದರಿಕೆ ಇದ್ದದ್ದು ಬೇರೆ ಕಡೆಗೆ. ಜುಲೈ ತಿಂಗಳ ಪೋಷಕರ ಸಭೆಯಲ್ಲಿ ನಯನ ಮೇಡಮ್ಮೇ ಒಂದು ಸಂಗತಿ ಹೇಳಿದ್ದರು. ಮಳವಳ್ಳಿ ಕಡೆಯ ಒಂದು ಹುಡುಗಿಯನ್ನು ಮನೆಯವರು ಆಡಿನ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದರಂತೆ. ಪೊಲೀಸರೂ ಅಧಿಕಾರಿಗಳೂ ಬಂದು ಬಿಡಿಸಿಕೊಂಡು ಹೋಗಿ ಮೈಸೂರಿನ ಹಾಸ್ಟೆಲಿಗೆ ಸೇರಿಸಿದರಂತೆ. ಈಗ ತಾಯಿ ನೋಡಲು ಹೋದರೆ ಆ ಹುಡುಗಿಗೆ ಗುರುತೇ ಹತ್ತುವುದಿಲ್ಲವಂತೆ. "ಮಕ್ಕಳನ್ನ ಕಟ್ಟಿಹಾಕೋರು ತಂದೆತಾಯೀನಾ?" ಎಂದು ಮೇಡಂ ಸಿಟ್ಟಿನಿಂದ ಕೇಳಿದಾಗ ಎರಡನೇ ಸಾಲಿನಲ್ಲಿ ಕೂತಿದ್ದ ಮುದ್ದಮ್ಮ ಎಲ್ಲರ ಜೊತೆ ತಾನೂ ತಲೆಯಾಡಿಸಿದ್ದಳು.

ಸಾಯಂಕಾಲ ಶಿವು ಬಂದು ಕೈಕಾಲಿಗೆ ಮೆತ್ತಿದ್ದ ಬೆಲ್ಲದ ಜಿಡ್ಡು ತೊಳೆಯುತ್ತಿದ್ದಾಗ ಎಲ್ಲವನ್ನೂ ಹೇಳಿದಳು.

"ಅವ್ರೇನಾದ್ರು ಕೇಳುದ್ರಾ, ಕಟ್ಟಾಕ್ತೀರಾ ಅಂತವ?"

"ಇಲ್ಲ."

"ನೀನೇನ್ ಯೋಳ್ದೆ?"

"ಬಟ್ಟೆ ಕಟ್ಟಿ ಎಳುಸ್ತೀನಿ ಅಂದೆ."

"ಮತ್ತಿನ್ನೇನಮ್ಮಿ? ಅದೇ ಅಲ್ವಾ ನಾವ್ ಮಾಡಾದು. ಬುಡು ಅತ್ಲಾಗಿ."

ಬಿಡು ಎಂದವನು ಮುದ್ದೆ ಮುರಿದು ಸಾರಿಗೆ ಅದ್ದಿ ಹಾಗೇ ಕೂತ. ಚೈತು ಅವನ ಪಕ್ಕ ಬಂದು ಕೂತಳು. ಅವನ ಕೈ ತಾನಾಗಿ ಅವಳ ಕಣಕಾಲಿನ ಮೇಲೆ ಹೋಯಿತು, ಪಟ್ಟಿಯನ್ನು ಒಂದಿಷ್ಟು ಸರಿಸಿ ನೋಡಿ ಮತ್ತೆ ಮುಚ್ಚಿತು. ಆಮೇಲೆ ಅವನು ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಹೋದ.

ಮುಂದಿನ ಭಾನುವಾರ ಮುದ್ದಮ್ಮ ಬುದ್ಧಿವಂತಿಕೆ ಮಾಡಿದಳು. ಬಟ್ಟೆ ಕಟ್ಟುವ ಮುಂಚೆ ಪಟ್ಟಿ ಬಿಚ್ಚಿ ಗೂಡಿನಲ್ಲಿಟ್ಟಳು. ಸೋಮವಾರ ಹತ್ತು ಗಂಟೆಗೇ ಫೋನು. "ಯಾಕ್ರೀ ನಿಲ್ಸಿಬಿಟ್ರಿ? ನಿನ್ನೆ ಏನೂ ಬಂದೇ ಇಲ್ಲ. ಬೆಂಗಳೂರಿಂದ ಕೇಳ್ತಿದಾರೆ, ಮಗುಗೆ ಹುಷಾರಿಲ್ವಾ, ಮನೆ ಹತ್ರ ಬಂದು ನೋಡ್ಲಾ ಅಂತ."

ಮನೆ ಹತ್ತಿರ! "ಬ್ಯಾಡಿ ಮೇಡಮ್ಮೋರೆ, ಒಂಚೂರು ನೆಗಡಿ ಆಗಿತ್ತು. ಬರೋ ವಾರ ಮಾಡುಸ್ತೀನಿ," ಎಂದುಬಿಟ್ಟಳು.

ಅದರ ಮುಂದಿನ ವಾರ ಪಟ್ಟಿಯ ಜೊತೆಗೇ ಕಟ್ಟಿದಳು. ಹಿಂದೆ ಕಟ್ಟುವಾಗ ತಾನೊಬ್ಬಳೇ ಇರುತ್ತಿದ್ದಳು, ಈಗ ಯಾರೋ ಎಣಿಸುತ್ತಿದ್ದರು. ಗದ್ದೆಯಲ್ಲಿ ಬಗ್ಗಿ ಪೈರು ಊರುತ್ತ, ಈಗ ಇನ್ನೂರು ಆಗಿರಬೇಕು, ಬುತ್ತಿ ಬಿಚ್ಚುವಾಗ ಎಂಟುನೂರು ಆಗಿರಬೇಕು, ಎಂದು ತಾನೂ ಎಣಿಸತೊಡಗಿದಳು. ಸಾಲು ತಪ್ಪಿತು.

"ಏನಮ್ಮಿ ಮುದ್ದಿ, ಪೈರ್ ಎಣುಸ್ತಾ ನೆಡ್ತಿದ್ದೀಯಾ? ಸಾಲ್ ನೋಡು, ಅಂಬೆಗಾಲ್ ಇಕ್ದಂಗದೆ," ಎಂದು ಪಟ್ಟಲಮ್ಮ ಛೇಡಿಸಿದಳು. ಹೆಂಗಸರೆಲ್ಲ ನಕ್ಕರು. ಮುದ್ದಮ್ಮನೂ ನಕ್ಕು, ತಪ್ಪು ನೆಟ್ಟ ಪೈರು ಕಿತ್ತು ಮತ್ತೆ ನೆಟ್ಟಳು.

ಅವಳ ಬಾಯಿಂದ ಜಾರಿದ ಮಾತು ಅಷ್ಟಕ್ಕೇ ನಿಂತಿದ್ದರೆ ಹೋಗಲಿ ಎನ್ನಬಹುದಿತ್ತು. ಹದಿನೈದು ದಿನಕ್ಕೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಚಿತ್ರ ಬಂತು. ಒಂದು ಕಂಬ, ನಗುತ್ತ ಕೂತಿರುವ ಒಂದು ಮಗು, ಕಾಲಿಗೊಂದು ಕೆಂಪು ಪಟ್ಟಿ. ಕೆಳಗೆ, 'ಮನೆಯಲ್ಲೇ ಮಾಡಿಸಿ: ಕಾಲು ಎಳೆಯುವ ವ್ಯಾಯಾಮ. ಕೊತ್ತತ್ತಿಯ ಶ್ರೀಮತಿ ಮುದ್ದಮ್ಮನವರ ಸಲಹೆ.' ಶಿವುವಿನ ಫೋನಿನಲ್ಲಿ ಅದನ್ನು ನೋಡಿದಾಗ ಮುದ್ದಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಿತ್ರದ ಮಗು ನಗುತ್ತಿದ್ದದ್ದು ಅವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿತು.

ಒಂದು ವಾರ ಕಳೆದು ಮಳವಳ್ಳಿಯಿಂದ ಚಂದನ ಎಂಬ ಹೆಣ್ಣುಮಗಳು ಫೋನು ಮಾಡಿದಳು. ಆ ಹನ್ನೆರಡು ಮಕ್ಕಳಲ್ಲಿ ಅವಳ ಮಗನೂ ಒಬ್ಬ, ಒಂಬತ್ತು ವರ್ಷದವನು.

"ಅಕ್ಕ, ನೀವು ಹೇಳಿದಂಗೆ ದಿನಾ ಒಂದು ಗಂಟೆ ಕಟ್ತಾ ಇದೀನಿ. ಆದರೆ ತುಂಬಾ ಅಳ್ತಾನೆ ಅಕ್ಕ, ಉಸಿರು ಕಟ್ಟೋ ಹಂಗೆ ಅಳ್ತಾನೆ. ನಿಮ್ಮ ಮಗಳು ಎಷ್ಟು ದಿನಕ್ಕೆ ಅಳು ನಿಲ್ಸಿದ್ಳು?"

ಮುದ್ದಮ್ಮ ಲೆಕ್ಕ ಹಾಕಿದಳು. ಚೈತು ಅಳು ನಿಲ್ಲಿಸಿದ್ದು ಎಷ್ಟನೇ ಭಾನುವಾರಕ್ಕೆ? ನೆನಪಿರಲಿಲ್ಲ. ಒಂದು ದಿನ ಓಣಿ ದಾಟುವಾಗ ಒಳಗಿನಿಂದ ಸದ್ದು ಕೇಳಿಸಲಿಲ್ಲ, ಅಷ್ಟೇ. ಅದನ್ನೇ ಅವಳು ಒಪ್ಪಿಗೆ ಎಂದುಕೊಂಡಿದ್ದಳು.

"ಬಿಚ್ಬುಡವ್ವ. ಅಳೋ ಕೂಸ್ನ ಕಟ್ಬ್ಯಾಡ."

"ನೀವು ಕಟ್ತೀರಲ್ಲ?"

"ನಂದ್ ಬುಡು. ನೀನ್ ಕಟ್ಬ್ಯಾಡ ಕಣವ್ವ, ನಿನ್ ದಮ್ಮಯ್ಯ."

 ಚಂದನಳ ದನಿ ಬದಲಾಯಿತು. "ಗೊತ್ತಾಯ್ತು ಬಿಡಿ ಅಕ್ಕ. ನಿಮ್ಮ ಮಗಳೊಬ್ಬಳು ಮುಂದೆ ಬಂದ್ರೆ ಸಾಕು, ನಮ್ಮ ಹುಡುಗ ಹಿಂದೇ ಇರ್ಲಿ ಅಂತ." ಫೋನು ಇಟ್ಟುಬಿಟ್ಟಳು. ಮುದ್ದಮ್ಮ ಮತ್ತೆ ಎರಡು ಸಲ ಮಾಡಿಸಿದಳು, ಎತ್ತಲಿಲ್ಲ. ನಯನ ಮೇಡಮ್ಮಿಗೆ ಎಲ್ಲ ಹೇಳಿಬಿಡೋಣ ಎಂದು ಮರುದಿನ ಶಾಲೆಯ ಗೇಟಿನ ತನಕ ಗಟ್ಟಿ ಮನಸ್ಸು ಮಾಡಿಕೊಂಡು ಹೋದಳು. ಒಳಗೆ ಚೈತು ಚೆಂಡು ಒದೆಯುತ್ತಿದ್ದಳು. ಮೈಸೂರಿನ ಹಾಸ್ಟೆಲು ನೆನಪಾಯಿತು. ಗಟ್ಟಿ ಮನಸ್ಸು ಗೇಟಿನಲ್ಲೇ ಕರಗಿತು.

ಮದ್ದೂರಿನ ಸಭೆಯ ಹಿಂದಿನ ದಿನ ಸ್ವರೂಪ್ ಫೋನು ಮಾಡಿ, "ಅಮ್ಮ, ಮನೇಲಿ ಯಾವುದರಲ್ಲಿ ಮಾಡಿಸ್ತೀರೋ ಅದನ್ನೇ ತನ್ನಿ, ಸ್ಟೇಜಲ್ಲಿ ಒಂದು ನಿಮಿಷ ತೋರಿಸಿದರೆ ಸಾಕು," ಎಂದಿದ್ದ. ಮನೆಯ ಬಟ್ಟೆ ಐದು ವರ್ಷ ಎಳೆಸಿಕೊಂಡು ಹಗ್ಗದ ಹಾಗೆ ಹುರಿಗೊಂಡಿತ್ತು. ಅದನ್ನು ನಾಲ್ಕು ಜನರೆದುರು ತೆಗೆಯಲಾದೀತೇ? ಮುದ್ದಮ್ಮ ಪೆಟ್ಟಿಗೆಯಿಂದ ತಂಗಿಯ ಮದುವೆಯಲ್ಲಿ ಕೊಟ್ಟ ಗಂಜಿ ಹಾಕಿದ ಹೊಸ ಸೀರೆ ತೆಗೆದು, ಅಂಚು ಸೇರಿದಂತೆ ಒಂದು ತುಂಡು ಹರಿದುಕೊಂಡಳು.

ಮದ್ದೂರಿನ ಸಮುದಾಯ ಭವನದಲ್ಲಿ ಮುನ್ನೂರು ಜನ ಸೇರಿದ್ದರು. ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಮಕ್ಕಳ ಆಟ. ಚೈತು ಒದ್ದ ಚೆಂಡು ಮೂರೂ ಸಲ ಹಸಿರಾಯಿತು. ಜನ ಹೋ ಎಂದರು. ಅವಳೂ ಹೋ ಎಂದು ತಾಯಿಯ ಮುಖ ಹುಡುಕಿದಳು. ಸುಳ್ಳೇಕೆ, ಆ ಗಳಿಗೆಯಲ್ಲಿ ಮುದ್ದಮ್ಮನಿಗೆ ಎದೆ ತುಂಬಿ ಬಂದಿತ್ತು.

"ಇಷ್ಟು ಶಕ್ತಿ ಹೇಗೆ ಬಂತು ಅಂತ ಈಗ ಅವರ ಅಮ್ಮನೇ ತೋರಿಸ್ತಾರೆ," ಎಂದು ಸ್ವರೂಪ್ ಮೈಕಿನಲ್ಲಿ ಕರೆದ. ವೇದಿಕೆಯ ಮೇಲೆಯೇ ಪಕ್ಕಕ್ಕೆ ಒಂದು ಕಂಬವಿತ್ತು. ಗೋಡೆಯ ಮೇಲೆ ಪರದೆ, ಪರದೆಯಲ್ಲಿ ದೊಡ್ಡದೊಂದು ಸೊನ್ನೆ. ಕಾಲು ಒಂದು ಸಲ ಎಳೆದರೆ ಅಂಕಿ ಒಂದು ಏರುತ್ತದೆ, ಒಂದು ಸಲ 'ಟಿಣ್' ಎನ್ನುತ್ತದೆ ಎಂದು ಅವನು ಜನರಿಗೆ ವಿವರಿಸಿದ. ಮುದ್ದಮ್ಮ ಚೀಲದಿಂದ ಬಟ್ಟೆ ತೆಗೆದಳು.

ಚೈತು ಬಟ್ಟೆ ನೋಡಿದಳು, ಕಂಬ ನೋಡಿದಳು. ಯಾರೂ ಏನೂ ಹೇಳಲಿಲ್ಲ. ತಾನೇ ನಡೆದುಹೋಗಿ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಎಡಗಾಲು ಮುಂದಕ್ಕೆ ಚಾಚಿದಳು.

"ನೋಡಿ, ಎಷ್ಟು ಚೆನ್ನಾಗಿ ಅಭ್ಯಾಸ ಆಗಿದೆ!" ಎಂದ ಸ್ವರೂಪ್. ಚಪ್ಪಾಳೆ ಬಿತ್ತು. ಮುದ್ದಮ್ಮನ ಕಣ್ಣು ಮಂಜಾಗಿತ್ತು, ಆದರೆ ಕೈಗೆ ಕಣ್ಣು ಬೇಕಿರಲಿಲ್ಲ. ಎರಡು ಸುತ್ತು, ಒಂದು ಗಂಟು, ಕಂಬಕ್ಕೆ ಇನ್ನೊಂದು ಗಂಟು.

"ಎಳಿ ಪುಟ್ಟಿ, ಎಳಿ," ಎಂದ ಸ್ವರೂಪ್.

ಚೈತು ಎಳೆಯಲಿಲ್ಲ. ತಾಯಿಯ ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ಕೂತಳು. ಪರದೆಯಲ್ಲಿ ಸೊನ್ನೆ ಹಾಗೇ ಇತ್ತು. ಸ್ವರೂಪ್ ಟ್ಯಾಬು ತಟ್ಟಿದ, ಪಟ್ಟಿಯ ದೀಪ ಬಗ್ಗಿ ನೋಡಿದ. ಎಲ್ಲ ಸರಿಯಿತ್ತು. ಜನ ಗುಸುಗುಸು ಶುರುಮಾಡಿದರು. ಮುಂದಿನ ಸಾಲಿನಲ್ಲಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಚಂದನ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಯಾಕೆ ಎಳೆಯುತ್ತಿಲ್ಲವೆಂದು ಆ ಇಡೀ ಭವನದಲ್ಲಿ ಗೊತ್ತಿದ್ದವಳು ಒಬ್ಬಳೇ. ಅವ್ವ ಇಲ್ಲೇ ಕೂತಿರುವಾಗ ಆ ಕೂಸು ಯಾರ ಹಿಂದೆ ಹೋಗಬೇಕೆಂದು ಎಳೆಯಬೇಕು?

"ಅಮ್ಮ, ಒಂದು ನಾಲ್ಕು ಸಲ ಎಳೆದರೂ ಸಾಕು," ಎಂದ ಸ್ವರೂಪ್ ಮೆಲ್ಲಗೆ. ಅವನ ಹಣೆಯಲ್ಲಿ ಬೆವರಿತ್ತು.

ನಾಲ್ಕೇ ಸಲ. ಅಷ್ಟಾದರೆ ಸಭೆ ಮುಗಿಯುತ್ತದೆ, ಚೆಂಡು ಮನೆಗೆ ಬರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಮುದ್ದಮ್ಮ ಸೆರಗು ಬಿಡಿಸಿಕೊಂಡು ಎದ್ದಳು. ಚೈತು ತಲೆಯೆತ್ತಿದಳು. ನಯನ ಮೇಡಂ ಅವಳ ಬಾಯಿಯ ಹತ್ತಿರ ಇನ್ನೊಂದು ಮೈಕು ಹಿಡಿದಿದ್ದರು. ವರ್ಷಕ್ಕೆ ನಾಲ್ಕು ಮಾತಾಡುವ ಆ ಹುಡುಗಿಯ ದನಿ ಭವನದ ತುಂಬ ಕೇಳಿಸಿತು.

"ಓಗ್ಬುಟ್ ಬಾ ಅವ್ವ."

ಜನ ಪ್ರೀತಿಯಿಂದ ನಕ್ಕರು. ಮುದ್ದಮ್ಮ ವೇದಿಕೆಯ ಮೆಟ್ಟಿಲಿಳಿದಳು. ಒಂದು, ಎರಡು. ಮೂರನೆಯದರಲ್ಲಿ ಬೆನ್ನ ಹಿಂದೆ 'ಟಿಣ್' ಎಂದಿತು. ಮತ್ತೆ ಟಿಣ್. ಆಮೇಲೆ ಬಿಡುವಿಲ್ಲದೆ ಒಂದರ ಮೇಲೊಂದು. "ನಾಲ್ಕು! ಐದು! ಆರು!" ಸ್ವರೂಪ್ ಮೈಕಿನಲ್ಲಿ ಎಣಿಸತೊಡಗಿದ, ಜನ ಒಂದೊಂದು ಅಂಕಿಗೂ ಚಪ್ಪಾಳೆ ತಟ್ಟಿದರು. ಮುದ್ದಮ್ಮ ಆರು ಸಾಲು ದಾಟಿದಳು. ಏಳನೇ ಸಾಲಿನಲ್ಲಿ ನಿಂತಳು. ತಿರುಗಿ ನೋಡಿದಳು. ಐದು ವರ್ಷದಲ್ಲಿ ಅವಳು ಇದನ್ನು ನೋಡುತ್ತಿರುವುದು ಇದೇ ಮೊದಲು.

ಚೈತು ಅಳುತ್ತಿರಲಿಲ್ಲ. ಪರದೆಯ ಕಡೆಗಾಗಲಿ, ಜನರ ಕಡೆಗಾಗಲಿ ನೋಡುತ್ತಿರಲಿಲ್ಲ. ಎರಡೂ ಅಂಗೈ ನೆಲಕ್ಕೆ ಊರಿ, ಇಡೀ ಮೈಯನ್ನು ಬಾಗಿಲಿನ ಕಡೆಗೆ ಜಗ್ಗಿ ಜಗ್ಗಿ ಎಳೆಯುತ್ತಿದ್ದಳು. ನಯನ ಮೇಡಂ ಕೈಯಲ್ಲಿದ್ದ ಮೈಕು ಕೆಳಗಿಳಿದಿತ್ತು. ಅವರು ಪರದೆಯನ್ನು ನೋಡದೆ ಆ ಕಾಲನ್ನೇ ನೋಡುತ್ತಿದ್ದರು. ಪಟ್ಟಿ ಮೇಲಕ್ಕೆ ಜಾರಿ ಕಪ್ಪು ಗುರುತು ಹೊರಗೆ ಬಿದ್ದಿತ್ತು.

ಮುದ್ದಮ್ಮ ಓಡಿದಳು. ಅವಳು ಮೆಟ್ಟಿಲು ಹತ್ತಿದ್ದೇ 'ಟಿಣ್' ನಿಂತಿತು. "ಮೂವತ್ತೊಂದು! ಒಂದೇ ನಿಮಿಷಕ್ಕೆ ಮೂವತ್ತೊಂದು!" ಎಂದು ಸ್ವರೂಪ್ ಇನ್ನೂ ಹೇಳುತ್ತಲೇ ಇದ್ದ. ಅವಳು ನೆಲಕ್ಕೆ ಕುಸಿದು ಕೂತು ಮಗಳ ಕಾಲನ್ನು ತೊಡೆಯ ಮೇಲೆಳೆದುಕೊಂಡಳು. ಗಂಟು ಬಿಗಿದುಹೋಗಿತ್ತು. ಉಗುರು ಒಳಗೆ ಹೋಗಲಿಲ್ಲ.

ನಯನ ಮೇಡಂ ಪಕ್ಕದಲ್ಲಿ ಬಂದು ಕೂತರು. ಬೆರಳಿನಿಂದ ಆ ಕಪ್ಪು ಗುರುತು ಮುಟ್ಟಿದರು.

"ಎಷ್ಟೊತ್ತು ಕಟ್ಟಿರ್ತೀರಿ?"

"ನಾಟಿ ಇದ್ರೆ ನಾಟಿ ಮುಗಿಯೋಗಂಟ," ಎಂದಳು ಮುದ್ದಮ್ಮ. "ಕಳೆ ಇದ್ರೆ ಕಳೆ ಮುಗಿಯೋಗಂಟ."

ಕೆಳಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಮುದ್ದಮ್ಮ ಬಗ್ಗಿ ಗಂಟಿಗೆ ಹಲ್ಲು ಹಾಕಿದಳು. ಹೊಸ ಬಟ್ಟೆಯ ಗಂಜಿ ನಾಲಿಗೆಗೆ ಹತ್ತಿತು. ಚೈತು ತಾಯಿಯ ತಲೆಯ ಮೇಲೆ ಕೈಯಿಟ್ಟುಕೊಂಡು, ಅವಸರವೇನೂ ಇಲ್ಲದವಳ ಹಾಗೆ ಕೂತಿದ್ದಳು.